ತಪ್ಪು ಉತ್ತರವನ್ನೂ ಓದೋಣ



ಮಕ್ಕಳ ಕಲಿಕೆಯನ್ನು ಅಳೆಯುವ ಪರೀಕ್ಷೆ, ಸಮೀಕ್ಷೆಗಳು ಹೇಗಿರಬೇಕು ಎಂಬುದು ಇಂದಿನ ವಿಷಯ. ಕೊಡಗಿನ ಶಿಕ್ಷಕರ ಇಂಥ ಸಭೆಗಳಲ್ಲಿ ಮಾತು ಬಹುಬೇಗ ಎಸ್ಸೆಸ್ಸೆಲ್ಸಿಯಲ್ಲಿ ಜಿಲ್ಲೆಗೆ ಎಷ್ಟನೇ ಸ್ಥಾನ ಎಂಬಲ್ಲಿಗೆ ಹೋಗಿ ನಿಲ್ಲುತ್ತದೆ. ನಾನು ಪ್ರಾಥಮಿಕ ಶಾಲೆಯ ಒಂದು ಕಳೆಯುವ ಲೆಕ್ಕದಿಂದ ಶುರು ಮಾಡುತ್ತೇನೆ.

52ರಲ್ಲಿ 27 ಕಳೆಯಬೇಕು. ಉತ್ತರ 25. ಮಗು 35 ಎಂದು ಬರೆದಿದೆ; ನಾವು ಕೆಂಪು ಗೆರೆ ಎಳೆದು ಮುಂದಕ್ಕೆ ಹೋಗುತ್ತೇವೆ. ಆದರೆ ಆ 35ಕ್ಕೆ ಬರಲು ಎರಡು ದಾರಿಗಳಿವೆ. ಒಂದು ಮಗು, 2ರಲ್ಲಿ 7 ಹೋಗುವುದಿಲ್ಲವೆಂದು 7ರಲ್ಲೇ 2 ಕಳೆದಿರಬಹುದು. ಇನ್ನೊಂದು ಮಗು ಸರಿಯಾಗಿಯೇ ದಶಕ ತಂದು, 12ರಲ್ಲಿ 7 ಕಳೆದು, ಪಕ್ಕದ 5ನ್ನು 4 ಮಾಡಲು ಮರೆತಿರಬಹುದು. ಮೊದಲನೆಯದಕ್ಕೆ ಕಡ್ಡಿಕಟ್ಟು ಹಿಡಿದು ಸ್ಥಾನಬೆಲೆಯನ್ನೇ ಮತ್ತೆ ಕಲಿಸಬೇಕು. ಎರಡನೆಯದಕ್ಕೆ ಪಕ್ಕದಲ್ಲಿ ಕುಳಿತು ಒಮ್ಮೆ ನೆನಪಿಸಿದರೆ ಸಾಕಾಗಬಹುದು. ಉತ್ತರ ಪತ್ರಿಕೆಯಲ್ಲಿ ಮಾತ್ರ ಇಬ್ಬರೂ ಒಂದೇ.

ಈಗ 27ರ ಬದಲು 28 ಕೊಟ್ಟು ನೋಡಿ. ಮೊದಲ ಮಗು 36 ಬರೆಯುತ್ತದೆ, ಎರಡನೆಯದು 34. ಒಂದೇ ಅಂಕಿ ಬದಲಾಗಿದೆ, ಯಾರಿಗೆ ಏನು ಕಲಿಸಬೇಕೆಂದು ಶಿಕ್ಷಕರಿಗೆ ತಿಳಿದುಹೋಗಿದೆ. ಪ್ರಶ್ನೆ ರೂಪಿಸುವುದೆಂದರೆ ನನ್ನ ಮಟ್ಟಿಗೆ ಇದೇ. ಪ್ರಶ್ನೆಪತ್ರಿಕೆಯ ನೀಲನಕ್ಷೆಯಲ್ಲಿ ಸುಲಭ, ಸಾಧಾರಣ, ಕಠಿಣ ಎಂದು ಶೇಕಡಾವಾರು ತುಂಬುವ ಕೆಲಸ ಇದರ ನಂತರದ್ದು.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ತೊಡಕಿದೆ. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ತಮಿಳು ಮನೆಮಾತಿನ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ತಿತಿಮತಿ ಕಡೆ ಎರವ, ಜೇನುಕುರುಬ ಮಕ್ಕಳು; ತೋಟದ ಲೈನ್‌ಮನೆಗಳಲ್ಲಿ ಅಸ್ಸಾಮಿನಿಂದ ಬಂದವರ ಮಕ್ಕಳು. ಇವರ ಮುಂದೆ, ‘ಗಂಟೆಗೆ 60 ಕಿ.ಮೀ. ವೇಗದಲ್ಲಿ ಚಲಿಸುವ ರೈಲು 180 ಕಿ.ಮೀ. ದೂರವನ್ನು ಕ್ರಮಿಸಲು ತೆಗೆದುಕೊಳ್ಳುವ ಅವಧಿ ಎಷ್ಟು?’ ಎಂದು ಇಡುತ್ತೇವೆ. ಕೊಡಗಿಗೆ ರೈಲು ಬಂದಿಲ್ಲ ಎಂಬುದು ಇಲ್ಲಿ ದೊಡ್ಡ ಸಂಗತಿಯಲ್ಲ. ‘ರೈಲು ಒಂದು ಗಂಟೆಗೆ 60 ಕಿ.ಮೀ. ಹೋಗುತ್ತದೆ. 180 ಕಿ.ಮೀ. ಹೋಗಲು ಎಷ್ಟು ಗಂಟೆ ಬೇಕು?’ ಎಂದರೆ ಗಣಿತವೇನೂ ಕಡಿಮೆಯಾಗದು. ಮೊದಲಿನದರಲ್ಲಿ ಸೋತ ಮಗು ಎರಡನೆಯದನ್ನು ಮಾಡಿದರೆ, ನಾವು ಅಳೆದದ್ದು ಗಣಿತವನ್ನಲ್ಲ, ಕನ್ನಡದ ಓದನ್ನು. ಅದನ್ನೂ ಅಳೆಯಲೇಬೇಕು; ಕನ್ನಡದ ಪತ್ರಿಕೆಯಲ್ಲಿ ಅಳೆಯೋಣ.

ಪರೀಕ್ಷೆಯ ದಿನ ಯಾರು ಬಂದಿಲ್ಲ ಎಂಬುದನ್ನು ನಾವು ಕೇಳುವುದೇ ಇಲ್ಲ. ಜುಲೈ ಮಳೆಗೆ ಜಿಲ್ಲಾಧಿಕಾರಿಗಳು ರಜೆ ಘೋಷಿಸುತ್ತಾರೆ. ಮೊದಲ ರೂಪಣಾತ್ಮಕ ಮೌಲ್ಯಮಾಪನ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಕಾಫಿ ಕೊಯ್ಲಿನ ಹೊತ್ತಿಗೆ ಕಾರ್ಮಿಕರ ಮಕ್ಕಳ ಹಾಜರಿ ಕುಸಿಯುತ್ತದೆ. 2021ರ ನವೆಂಬರ್ 12ರಂದು ನಡೆದ ರಾಷ್ಟ್ರೀಯ ಸಾಧನಾ ಸಮೀಕ್ಷೆ ಶಾಲೆಯಲ್ಲಿ ಕುಳಿತ ಮಕ್ಕಳನ್ನು ಅಳೆಯಿತು. ಪ್ರಥಮ್ ಸಂಸ್ಥೆ 2005ರಲ್ಲಿ ಆರಂಭಿಸಿದ ‘ಅಸರ್’ ಸಮೀಕ್ಷೆ ಮನೆಬಾಗಿಲಿಗೆ ಹೋಗಿ ಒಂದೊಂದೇ ಮಗುವಿನಿಂದ ಅಕ್ಷರ, ಪದ, ಕಥೆ ಓದಿಸುತ್ತದೆ. ಶಾಲೆ ಬಿಟ್ಟ ಮಗುವೂ ಲೆಕ್ಕಕ್ಕೆ ಬರುತ್ತದೆ. ಎರಡರ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಜಗಳವಾಡುವ ಮೊದಲು ಈ ವ್ಯತ್ಯಾಸ ನೆನಪಿರಲಿ.

ಮಕ್ಕಳಿಗೆ ಕೊಡುವ ಪ್ರಶ್ನಾವಳಿಯ ಬಗ್ಗೆ ಎರಡೇ ಮಾತು. ‘ನಿನಗೆ ಗಣಿತ ಇಷ್ಟವೇ?’ ಎಂದು ಮೇಷ್ಟ್ರೇ ಕೇಳಿದರೆ ಹೌದೆನ್ನದ ಮಗು ಅಪರೂಪ. ‘ಕಳೆದ ವಾರ ಅರ್ಥವಾಗದ್ದನ್ನು ಯಾರನ್ನು ಕೇಳಿದೆ?’ ಎಂದು ಕೇಳಿ, ಹೆಸರು ಬರೆಸಬೇಡಿ.

2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯದಲ್ಲಿ 5, 8, 9ನೇ ತರಗತಿಗಳಿಗೆ ನಡೆದ ಬೋರ್ಡ್ ಪರೀಕ್ಷೆಯ ವಿವಾದ ಸುಪ್ರೀಂ ಕೋರ್ಟಿನವರೆಗೂ ಹೋಗಿ, ಏಪ್ರಿಲ್‌ನಲ್ಲಿ ಫಲಿತಾಂಶಕ್ಕೆ ತಡೆ ಬಿತ್ತು. ಪರೀಕ್ಷೆ ಯಾರು ನಡೆಸಬೇಕೆಂಬ ವಾದ ಮುಂದುವರಿಯಲಿ. ಕಿರುಪರೀಕ್ಷೆಯ ಪ್ರಶ್ನೆ ಇಂದಿಗೂ ನಮ್ಮ ಕೈಯಲ್ಲೇ ಇದೆ. ಮಧ್ಯಾಹ್ನದ ಗೋಷ್ಠಿಯಲ್ಲಿ ತಲಾ ಒಂದು ಹಳೆಯ ಪತ್ರಿಕೆ ಎತ್ತಿಕೊಳ್ಳೋಣ. ಪ್ರತಿ ಪ್ರಶ್ನೆಯ ಪಕ್ಕದಲ್ಲಿ, ಬರಬಹುದಾದ ತಪ್ಪು ಉತ್ತರವನ್ನೂ ಅದರ ಕಾರಣವನ್ನೂ ಬರೆಯೋಣ. ಕಾರಣ ಹೊಳೆಯದ ಪ್ರಶ್ನೆಯನ್ನು ಬದಿಗಿಟ್ಟು, ಅದರ ಜಾಗಕ್ಕೆ ಹೊಸದೊಂದನ್ನು ಸಂಜೆಯೊಳಗೆ ಬರೆದುಬಿಡೋಣ.