ರೂಲ್ ಆಗಿತ್ತಲ್ಲ, ಮತ್ಯಾಕೆ ನಡೆದು ಹೋಗಬೇಕಿತ್ತು?

ನಾನು ಪುಣೆಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್, ಊರು ವಿಜಯಪುರ. ನಮ್ಮ ಸೊಸೈಟಿಯಲ್ಲಿ ಭಾನುವಾರ ಬೆಳಿಗ್ಗೆ ಹತ್ತು ಹನ್ನೆರಡು ಕನ್ನಡದ ಮಕ್ಕಳು ಸೇರ್ತಾರೆ. ಒಂದು ಗಂಟೆ ಓದು ಬರಹ, ಆಮೇಲೆ ಅರ್ಧ ಗಂಟೆ ಕಥೆ. ಆ ಅರ್ಧ ಗಂಟೆಯ ಬಗ್ಗೆ ಇವತ್ತು ಮಾತಾಡ್ತೀನಿ.

ನಮ್ಮ ಮಕ್ಕಳಿಗೆ ಅಂಬೇಡ್ಕರ್ ಗೊತ್ತು. ನೀಲಿ ಕೋಟು, ಕನ್ನಡಕ, ಕೈಯಲ್ಲಿ ಸಂವಿಧಾನ. ಫ್ಯಾನ್ಸಿ ಡ್ರೆಸ್‌ಗೆ ಅಷ್ಟು ಸಾಕು. 'ಸಮಾನತೆಗಾಗಿ ಹೋರಾಡಿದರು' ಅನ್ನೋ ಸಾಲೂ ಬಾಯಿಪಾಠ. ಆದ್ರೆ ಯಾರ ಎದುರು ಹೋರಾಡಿದ್ರು, ಏನು ಸಿಗಲಿಲ್ಲ ಅಂತ ಹೋರಾಡಿದ್ರು ಅಂತ ಕೇಳಿ ನೋಡಿ, ಸುಮ್ಮನಾಗ್ತಾರೆ. ತಪ್ಪು ಮಕ್ಕಳದ್ದಲ್ಲ. ಸ್ವಾತಂತ್ರ್ಯದ ಕಥೆಯಲ್ಲಿ ಎದುರಿಗೆ ಬ್ರಿಟಿಷರಿದ್ದಾರೆ, ಹೇಳೋದು ಸುಲಭ. ಈ ಕಥೆಯಲ್ಲಿ ಎದುರಿಗಿದ್ದವರು ನಮ್ಮ ಊರಿನವರೇ, ನಮ್ಮಲ್ಲಿ ಹಲವರ ಮುತ್ತಜ್ಜಂದಿರಂಥವರೇ. ಅದಕ್ಕೇ ನಾವು ಒಂದೇ ಸಾಲಿನಲ್ಲಿ ಮುಗಿಸಿಬಿಡ್ತೀವಿ.

ನಾನು 1901ರಿಂದ ಶುರು ಮಾಡ್ತೀನಿ. ಇದನ್ನ ಅಂಬೇಡ್ಕರ್ ಅವರೇ 'ವೇಟಿಂಗ್ ಫಾರ್ ಎ ವೀಸಾ' ಅನ್ನೋ ಬರಹದಲ್ಲಿ ಹೇಳಿದ್ದಾರೆ. ಆಗ ಅವರಿಗೆ ಹತ್ತರ ಆಸುಪಾಸು ವಯಸ್ಸು. ಸಾತಾರಾದಿಂದ ರೈಲಲ್ಲಿ ಅಪ್ಪನ ಹತ್ತಿರ ಹೊರಟ ಮಕ್ಕಳು ಮಸೂರ್ ಸ್ಟೇಷನ್‌ನಲ್ಲಿ ಇಳೀತಾರೆ. ಕರೆದುಕೊಂಡು ಹೋಗೋಕೆ ಯಾರೂ ಬಂದಿಲ್ಲ. ಮಹಾರ್ ಜಾತಿಯವರು ಅಂತ ಗೊತ್ತಾದ ಕೂಡಲೇ ಗಾಡಿಯವರು ಯಾರೂ ಹತ್ತಿಸಿಕೊಳ್ಳಲ್ಲ. ಕೊನೆಗೆ ದುಪ್ಪಟ್ಟು ಬಾಡಿಗೆಗೆ ಒಬ್ಬ ಒಪ್ತಾನೆ. ಷರತ್ತು ಏನಂದ್ರೆ, ಗಾಡಿ ಮಕ್ಕಳೇ ಹೊಡೀಬೇಕು, ಅವನು ಪಕ್ಕದಲ್ಲಿ ನಡ್ಕೊಂಡು ಬರ್ತಾನೆ. ಬುತ್ತಿಯಲ್ಲಿ ಊಟ ಇದೆ, ಕುಡಿಯೋಕೆ ನೀರು ಕೊಡೋರಿಲ್ಲ. ಅವರ ಅಪ್ಪನ ಕೆಲಸ ಏನು ಗೊತ್ತಾ? ಬರಗಾಲದ ಜನಕ್ಕೆ ಕೆಲಸ ಕೊಡೋಕೆ ಸರ್ಕಾರ ಕಟ್ಟಿಸ್ತಿದ್ದ ಕೆರೆ ಕಾಮಗಾರಿಯಲ್ಲಿ ಕ್ಯಾಷಿಯರ್.

'ಅಸ್ಪೃಶ್ಯತೆ' ಅಂದ್ರೆ ಎಂಟು ವರ್ಷದ ಮಗುವಿಗೆ ಪರೀಕ್ಷೆಯ ಪದ. ಬಾಯಾರಿಕೆ ಅಂದ್ರೆ ಗೊತ್ತು. ಹಾಗಾಗಿ ಮೊದಲು ನೀರು, ಆಮೇಲೆ ಪದ.

ಮುಂದಿನ ವಾರ ಮಹಾಡ್. ಮಳೆಗಾಲದಲ್ಲಿ ಜಲಪಾತ ನೋಡೋಕೆ ತಾಮ್ಹಿಣಿ ಘಾಟ್‌ಗೆ ಹೋಗ್ತೀವಲ್ಲ, ಅದನ್ನ ಇಳಿದು ಮಾಣಗಾವ್ ದಾಟಿದ್ರೆ ಮಹಾಡ್. ಬೋರ್ಡ್ ಮೇಲೆ ಬರೀತೀನಿ. 1923: ಸಾರ್ವಜನಿಕ ಕೆರೆ, ಬಾವಿಗಳನ್ನ ಎಲ್ಲರೂ ಬಳಸಬಹುದು ಅಂತ ಬಾಂಬೆ ಶಾಸನ ಪರಿಷತ್ತಿನಲ್ಲಿ ನಿರ್ಣಯ. 1924: ನಮ್ಮ ಚವದಾರ್ ಕೆರೆಯೂ ಎಲ್ಲರಿಗೂ ಮುಕ್ತ ಅಂತ ಮಹಾಡ್ ಪುರಸಭೆಯ ನಿರ್ಣಯ. 1927ರ ಮಾರ್ಚ್ 20: ಅಂಬೇಡ್ಕರ್ ಮುಂದೆ, ಸಾವಿರಾರು ಜನ ಹಿಂದೆ, ಹೋಗಿ ಆ ನೀರು ಕುಡೀತಾರೆ.

ಐದನೇ ಕ್ಲಾಸಿನ ಹುಡುಗಿ ಕೈ ಎತ್ತಿದಳು. "ಕಾಕಾ, ರೂಲ್ ಆಗಿತ್ತಲ್ಲ, ಮತ್ಯಾಕೆ ನಡ್ಕೊಂಡು ಹೋಗ್ಬೇಕಿತ್ತು?"

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಫೀಚರ್ ಡಾಕ್ಯುಮೆಂಟ್‌ನಲ್ಲಿ ಇತ್ತು, ಪ್ರೊಡಕ್ಷನ್‌ನಲ್ಲಿ ಇರಲಿಲ್ಲ. ನೀರು ಕುಡಿದು ಬಂದವರಿಗೆ ಹೊಡೆದರು. ಸಗಣಿ, ಗಂಜಲ, ಹಾಲು, ಮೊಸರು ಸುರಿದು ಕೆರೆಯನ್ನ 'ಶುದ್ಧ' ಮಾಡಿದರು. ಪುರಸಭೆ ತನ್ನ ನಿರ್ಣಯವನ್ನೇ ವಾಪಸ್ ತಗೊಳ್ತು. ಕೆರೆ ಖಾಸಗಿ ಆಸ್ತಿ ಅಂತ ಕೋರ್ಟ್‌ನಲ್ಲಿ ದಾವೆ ಬಿತ್ತು. ಬಾಂಬೆ ಹೈಕೋರ್ಟ್ ಅಂಬೇಡ್ಕರ್ ಪರ ತೀರ್ಪು ಕೊಟ್ಟಿದ್ದು 1937ರಲ್ಲಿ. ಮಕ್ಕಳೇ ಕಳೆದು ನೋಡಿದ್ರು: ಮೊದಲ ನಿರ್ಣಯದಿಂದ ಹದಿನಾಲ್ಕು ವರ್ಷ. "ನನ್ನ ವಯಸ್ಸಿಗಿಂತ ಜಾಸ್ತಿ" ಅಂದ ಒಬ್ಬ.

ಅಷ್ಟರಲ್ಲಿ ಇನ್ನೊಬ್ಬ ಹುಡುಗ ಸಹಜವಾಗಿ ಹೇಳಿದ, "ನಮ್ಮನೇಲೂ ಕೆಲಸದ ಮೌಶಿಗೆ ಬೇರೆ ಲೋಟ ಇದೆ."

ಸಂಜೆ ಅವನ ಅಪ್ಪನಿಂದ ಮೆಸೇಜ್ ಬಂತು. "ಸರ್, ಮಕ್ಕಳ ತಲೆಗೆ ಇದೆಲ್ಲ ಯಾಕೆ? ಕನ್ನಡ ಕಲಿಸಿ, ಸಾಕು." ಅವರು ಕೆಟ್ಟವರಲ್ಲ, ಅವರ ಭಯ ನನಗೆ ಅರ್ಥ ಆಗುತ್ತೆ. ಆದ್ರೆ ನಾನು ಬರೆದ ಉತ್ತರ ಇದು: ಕೆಲವು ಮನೆಯ ಮಕ್ಕಳಿಗೆ ಇದನ್ನ ದೊಡ್ಡವರಾದ ಮೇಲೆ ತಿಳ್ಕೊಳ್ಳೋ ಅನುಕೂಲ ಇರಲ್ಲ. ಅಂಥ ಮಗು ಇದೇ ಚಾಪೆ ಮೇಲೆ ಕೂತಿರಬಹುದು. ನಾನು ಯಾರ ಜಾತಿಯನ್ನೂ ಕೇಳಲ್ಲ. ಆದ್ರೆ ಆ ಮಗುವಿಗೆ ಕನಿಕರದ ಕಥೆ ಬೇಡ. ಹತ್ತರ ಆಸುಪಾಸಿನ ಹುಡುಗ ಗಾಡಿ ಹೊಡ್ಕೊಂಡು ಹೋದ ಅನ್ನೋ ಕಥೆ ಬೇಕು.

ಉಳಿದ ಮಕ್ಕಳಿಗೂ ಈ ಕಥೆಯಲ್ಲಿ ನಿಲ್ಲೋಕೆ ಜಾಗ ಇದೆ. ಮಹಾಡ್ ಪುರಸಭೆಯ ಅಧ್ಯಕ್ಷ ಸುರೇಂದ್ರನಾಥ ಟಿಪ್ನೀಸ್ ಮೇಲ್ಜಾತಿಯವರು, ಅಂಬೇಡ್ಕರ್ ಜೊತೆ ನಿಂತರು. ಅದೇ ವರ್ಷ ಡಿಸೆಂಬರ್ 25ಕ್ಕೆ ಅಲ್ಲೇ ಮನುಸ್ಮೃತಿ ಸುಟ್ಟಾಗ ಆ ನಿರ್ಣಯ ಮಂಡಿಸಿದ ಗಂಗಾಧರ ನೀಲಕಂಠ ಸಹಸ್ರಬುದ್ಧೆ ಬ್ರಾಹ್ಮಣರು. ಇಷ್ಟೆಲ್ಲದಕ್ಕೆ ಊರಲ್ಲಿ ಜನ ಸೇರಿಸಿದವರಲ್ಲಿ ರಾಮಚಂದ್ರ ಬಾಬಾಜಿ ಮೋರೆ ಅನ್ನೋ ದಲಿತ ಯುವಕ ಮುಖ್ಯ. ಈ ಹೆಸರುಗಳನ್ನೂ ಹೇಳಿ. ಇಲ್ಲಾಂದ್ರೆ ಮಗುವಿಗೆ ಉಳಿಯೋದು ಎರಡೇ: ಪೂಜೆ ಮಾಡೋ ಹೀರೋ, ಇಲ್ಲ ಮುಚ್ಚಿಡೋ ನಾಚಿಕೆ.

ಆ ಹುಡುಗ ಈಗಲೂ ಕ್ಲಾಸಿಗೆ ಬರ್ತಾನೆ. ಲೋಟದ ವಿಷಯ ನಾನು ಮತ್ತೆ ಕೇಳಿಲ್ಲ. ಅದು ಅಪ್ಪ ಮಗ ಕೂತು ಮಾತಾಡೋ ವಿಷಯ.

ನೀವು ಈ ವಾರ ಮನೆಯಲ್ಲಿ ಒಂದು ಕಥೆ ಹೇಳಿ. ವಸ್ತುವಿನಿಂದ ಶುರು ಮಾಡಿ: ನೀರು, ಪುಸ್ತಕ, ದಾರಿ, ಏನಾದ್ರೂ. ತಡೆದವರು ಯಾರು ಅಂತ ಹೇಳಿ, ಜೊತೆಗೆ ಬಂದವರು ಯಾರು ಅಂತಾನೂ ಹೇಳಿ. ಆಮೇಲೆ ಮಗು ನಿಮ್ಮ ಮನೆಯ ಬಗ್ಗೆ ಏನಾದ್ರೂ ಕೇಳಿದ್ರೆ 'ಅದು ಆಗಿನ ಕಾಲ' ಅಂತ ಮುಗಿಸಬೇಡಿ. ಕೇಳಿಸ್ಕೊಳ್ಳಿ.