ಪ್ರೊ. ಯು. ಆರ್. ರಾಯರನ್ನು ನೆನೆಯುವ ಬಗೆ

(ಸಂಘದ ಸ್ಮರಣ ಸಭೆಯಲ್ಲಿ ಮಾಡಿದ ಭಾಷಣ)



ಉಡುಪಿ ರಾಮಚಂದ್ರ ರಾಯರು 2017ನೆಯ ಇಸವಿ ಜುಲೈ 24ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅವರಿಗೆ ಆಗ 85 ವರ್ಷ. ಭಾರತದ ಮೊತ್ತಮೊದಲ ಕೃತಕ ಉಪಗ್ರಹವನ್ನು ಕಟ್ಟಿಸಿದವರು. 1984ರಿಂದ 1994ರವರೆಗೆ ಇಸ್ರೋ ಸಂಸ್ಥೆಯ ಅಧ್ಯಕ್ಷರಾಗಿದ್ದವರು. ಅವರು ಗತಿಸಿದ ಸುದ್ದಿ ಬಂದೊಡನೆ ಪ್ರಧಾನಮಂತ್ರಿಗಳು ಶೋಕ ವ್ಯಕ್ತಪಡಿಸಿದರು. ದೇಶದ ಪತ್ರಿಕೆಗಳೆಲ್ಲ ಬರೆದವು. ಪದ್ಮವಿಭೂಷಣ ಅದೇ ವರ್ಷ ಬಂದಿತ್ತು. ವಾಷಿಂಗ್ಟನ್ನಿನಲ್ಲಿ ಉಪಗ್ರಹ ವಿಜ್ಞಾನಿಗಳ ಗೌರವಪಟ್ಟಿಗೆ 2013ರಲ್ಲಿ ಸೇರಿದ ಮೊದಲ ಭಾರತೀಯರು ಅವರೇ. 2018ರ ಏಪ್ರಿಲಿನಲ್ಲಿ ಬೆಂಗಳೂರಿನ ಉಪಗ್ರಹ ಕೇಂದ್ರಕ್ಕೆ ಅವರ ಹೆಸರನ್ನಿಟ್ಟರು. 2021ರ ಮಾರ್ಚ್ 10ರಂದು, ಅವರ ಹುಟ್ಟುಹಬ್ಬದ ದಿನ, ಗೂಗಲ್ ಕಂಪೆನಿಯವರು ತಮ್ಮ ಮೊದಲ ಪುಟದಲ್ಲಿ ಅವರ ಚಿತ್ರವನ್ನು ಬಿಡಿಸಿದರು.

ಇದೆಲ್ಲ ಯೋಗ್ಯವಾದದ್ದೇ. ಆದರೆ ದೊಡ್ಡವರು ತೀರಿಕೊಂಡಾಗ ನಮ್ಮ ಸಭೆಗಳಲ್ಲಿ ತಪ್ಪದೆ ಬರುವ ಮಾತೊಂದಿದೆ: ತುಂಬಲಾರದ ನಷ್ಟ. ಯಾರು ತೀರಿಕೊಂಡರೂ ಈ ಮಾತೇ. ಶೋಕದ ನಿರ್ಣಯ ಬರೆಯುವವರಿಗೆ ಕೈಗೆ ಅಂಟಿಕೊಂಡ ಮಾತಿದು. ರಾಯರ ವಿಷಯದಲ್ಲಿ ಮಾತ್ರ ಇದು ಸಲ್ಲದೆಂದು ನಾವು ಹೇಳಬಯಸುತ್ತೇವೆ. ಅವರು ಸಣ್ಣವರೆಂದಲ್ಲ. ತಾವಿಲ್ಲದ ದಿನವೂ ಕೆಲಸ ನಡೆಯಬೇಕೆಂದು ಆಯುಷ್ಯವಿಡೀ ದುಡಿದವರಿಗೆ 'ನೀವು ಹೋದಿರಿ, ಇನ್ನು ಎಲ್ಲ ಬರಿದು' ಎಂದರೆ ಅದು ಹೊಗಳಿಕೆಯಾದೀತೆ? ಅವರ ದುಡಿಮೆ ವ್ಯರ್ಥವಾಯಿತೆಂದು ಹೇಳಿದಂತಾಗುತ್ತದೆ.

ಮೊದಲು ಅವರು ನಮ್ಮೂರಿನವರು ಎಂಬ ಮಾತನ್ನು ತೆಗೆದುಕೊಳ್ಳೋಣ. ಉಡುಪಿಯ ಹತ್ತಿರದ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದರು. ಅವರ ಹೆಸರಿನ ಮೊದಲಕ್ಷರವೇ ಉಡುಪಿ. ಈ ಮುಂಬಯಿಯಲ್ಲಿ ಉಡುಪಿ ಎಂದರೆ ಇಡ್ಲಿ, ಸಾಂಬಾರು, ಕಾವಲಿಯ ಮೇಲಿನ ದೋಸೆ. ಆ ಹೆಸರು ಆಕಾಶಕ್ಕೂ ಏರಿತೆಂದರೆ ನಮಗೆ ಹೆಮ್ಮೆಯಾಗುವುದು ಸಹಜ. ಆದರೆ ಅವರೂ ಊರು ಬಿಟ್ಟವರೇ ಎಂಬುದನ್ನು ಮರೆಯಬಾರದು. ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲಿನಲ್ಲಿ ಓದಿ, ಬಳ್ಳಾರಿಗೆ ಹೋದರು. ಅಲ್ಲಿಂದ ಅನಂತಪುರ, ಅಲ್ಲಿಂದ ಕಾಶಿ, ಆಮೇಲೆ ಅಹಮದಾಬಾದು. ಆ ವಯಸ್ಸಿನಲ್ಲಿ ನಮ್ಮ ಹಿರಿಯರು ಅದೇ ಊರುಗಳಿಂದ ಬಸ್ಸು ಹತ್ತಿ ಇಲ್ಲಿಗೆ ಬಂದು, ಲೋಟ ತೊಳೆಯುವುದಕ್ಕೆ ನಿಂತರು. ಅವರಿಗೆ ಓದುವ ದಾರಿ ಸಿಕ್ಕಿತು, ನಮ್ಮವರಲ್ಲಿ ಬಹುಮಂದಿಗೆ ಸಿಗಲಿಲ್ಲ. ಬುದ್ಧಿಯ ಅಂತರಕ್ಕಿಂತ ದಾರಿಯ ಅಂತರವೇ ಹೆಚ್ಚೆಂದು ನಮ್ಮ ಅಭಿಪ್ರಾಯ.

ಅಹಮದಾಬಾದಿನಲ್ಲಿ ಅವರಿಗೆ ಗುರುಗಳಾಗಿ ಸಿಕ್ಕಿದವರು ವಿಕ್ರಮ ಸಾರಾಭಾಯಿ. ಬಟ್ಟೆಯ ಗಿರಣಿಗಳ ಒಡೆತನದ ಮನೆತನದಲ್ಲಿ ಹುಟ್ಟಿಯೂ ಗಿರಣಿಯನ್ನು ಬಿಟ್ಟು ಆಕಾಶವನ್ನು ನೋಡಿದವರು. (ಗಿರಣಿಯ ಹಿರಿಯರು ನಗುತ್ತಿದ್ದೀರಿ. ಅಂಥ ಧಣಿಯ ಮಕ್ಕಳು ಇನ್ನಷ್ಟು ಮಂದಿ ಇರಬೇಕಿತ್ತು.) ಸಾರಾಭಾಯಿಯವರ ಕೈಕೆಳಗೆ ರಾಯರು ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳನ್ನು ಅಭ್ಯಾಸ ಮಾಡಿದರು. ಮುಂದೆ ಅಮೇರಿಕಕ್ಕೆ ಹೋಗಿ, ಸೂರ್ಯನಿಂದ ಎಡೆಬಿಡದೆ ಹರಿದುಬರುವ ಕಣಗಳ ಗಾಳಿಯನ್ನು ಕುರಿತು ಹೆಸರಾಗುವಂಥ ಸಂಶೋಧನೆ ಮಾಡಿದರು. ಅಲ್ಲಿಯೇ ಉಳಿಯಬಹುದಿತ್ತು. 1966ರಲ್ಲಿ ಹಿಂದಿರುಗಿ ಬಂದರು.

ಆಗ ಒಂದು ದೊಡ್ಡ ಸಾವು ಸಂಭವಿಸಿತು. 1971ರ ಡಿಸೆಂಬರ್ 30ರಂದು ಸಾರಾಭಾಯಿ ಕೇರಳದ ಕೋವಳಂನಲ್ಲಿ ಹಠಾತ್ತನೆ ತೀರಿಕೊಂಡರು. ವಯಸ್ಸು 52. ಅಂದು ತುಂಬಲಾರದ ನಷ್ಟವೆಂದು ಹೇಳಿದ್ದರೆ ಯಾರೂ ಅದನ್ನು ಅತಿಶಯೋಕ್ತಿಯೆನ್ನುತ್ತಿರಲಿಲ್ಲ. ಭಾರತದ ಬಾಹ್ಯಾಕಾಶದ ಕೆಲಸವೆಂದರೆ ಅವರೊಬ್ಬರ ತಲೆಯಲ್ಲಿದ್ದ ಚಿತ್ರವಾಗಿತ್ತು. ತುಂಬಾದಲ್ಲಿದ್ದ ಕೇಂದ್ರಕ್ಕೆ ಅವರ ಹೆಸರನ್ನಿಟ್ಟರು. ಆದರೆ ಅವರಿಗೆ ಸಂದ ನಿಜವಾದ ಗೌರವ ಹೆಸರಿನ ಹಲಗೆಯಲ್ಲಿರಲಿಲ್ಲ. ನಾಲ್ಕೈದು ತಿಂಗಳೊಳಗೆ, 1972ರ ಮೇ ತಿಂಗಳಲ್ಲಿ, ಸೋವಿಯತ್ ರಷ್ಯದೊಡನೆ ಒಪ್ಪಂದವಾಯಿತು: ಉಪಗ್ರಹವನ್ನು ನೀವು ಕಟ್ಟಿ ತನ್ನಿ, ನಾವು ಹಾರಿಸಿ ಕೊಡುತ್ತೇವೆ. ಸತೀಶ ಧವನರು ಇಸ್ರೋದ ಹೊಣೆ ಹೊತ್ತರು. ಉಪಗ್ರಹವನ್ನು ಕಟ್ಟುವ ಹೊಣೆ ರಾಯರ ಪಾಲಿಗೆ ಬಂತು. ಶಿಷ್ಯರು ಗುರುಗಳ ತಿಥಿಯನ್ನು ಹೀಗೆ ಮಾಡಿದರು.

ಎಲ್ಲಿ ಕಟ್ಟಿದರು? ಅರಮನೆಯಂಥ ಕಟ್ಟಡದಲ್ಲಲ್ಲ. ಬೆಂಗಳೂರಿನ ಪೀಣ್ಯ ಕೈಗಾರಿಕಾ ವಸಾಹತುವಿನ ಷೆಡ್ಡುಗಳಲ್ಲಿ. ಅಕ್ಕಪಕ್ಕದಲ್ಲಿ ಸಣ್ಣ ಕಾರಖಾನೆಗಳು. ಸೇರಿದ ಹುಡುಗರಲ್ಲಿ ಬಹುತೇಕ ಯಾರೂ ಉಪಗ್ರಹವನ್ನು ಕಣ್ಣಿನಿಂದ ಕಂಡವರಲ್ಲ. ಅಂಥವರನ್ನು ಕಟ್ಟಿಕೊಂಡು, ಮೂರು ವರ್ಷ ತುಂಬುವುದರೊಳಗೆ, 360 ಕಿಲೋಗ್ರಾಂ ತೂಕದ, 26 ಮುಖಗಳ ಉಪಗ್ರಹವನ್ನು ಸಿದ್ಧಪಡಿಸಿದರು. 1975ರ ಏಪ್ರಿಲ್ 19ರಂದು ಸೋವಿಯತ್ ನೆಲದ ಕಪುಸ್ತಿನ್ ಯಾರ್ ಎಂಬಲ್ಲಿಂದ ಅದು ಮೇಲೇರಿತು. ಅದಕ್ಕೆ ಆರ್ಯಭಟ ಎಂದು ಹೆಸರು. ಬೆಂಗಳೂರಿನಲ್ಲಿ ಅದರ ಸಂದೇಶಗಳನ್ನು ಹಿಡಿಯುವುದಕ್ಕೆ ಜಾಗ ಸಾಲದೆ ಶೌಚಾಲಯವೊಂದನ್ನೇ ಕೇಂದ್ರವಾಗಿ ಮಾರ್ಪಡಿಸಿಕೊಂಡಿದ್ದರು. ಹತ್ತಡಿ ಅಗಲದ ಅಡಿಗೆಮನೆಯಲ್ಲಿ ನೂರು ಮಂದಿಯ ಊಟ ಇಳಿಸುವ ನಮ್ಮವರಿಗೆ ಈ ಮಾತಿನ ಅರ್ಥ ಬೇರೆಯವರಿಗಿಂತ ಬೇಗ ಆಗುತ್ತದೆ.

ಆ ಉಪಗ್ರಹವನ್ನು ನೀವೆಲ್ಲರೂ ನೋಡಿದ್ದೀರಿ. ಹಳೆಯ ಎರಡು ರೂಪಾಯಿ ನೋಟಿನ ಹಿಂಬದಿಯಲ್ಲಿ ಮುಖಮುಖವಾಗಿ ಕೊರೆದಂತಿದ್ದ ಗೋಳದ ಚಿತ್ರವೊಂದಿತ್ತಲ್ಲ, ಅದೇ ಆರ್ಯಭಟ. ಎಷ್ಟು ಮಂದಿ ಸಪ್ಲೈಯರುಗಳು ಆ ನೋಟನ್ನು ಬಕ್ಷೀಸೆಂದು ಮಡಚಿ ಜೇಬಿಗಿಳಿಸಿಲ್ಲ! ಅದು ಅದಮಾರಿನವರ ಮುಂದಾಳುತನದಲ್ಲಿ ಆದ ಕೆಲಸವೆಂದು ಆಗ ನಮಗೆ ಹೇಳುವವರಿರಲಿಲ್ಲ.

ಶೋಕಸಭೆಗಳಲ್ಲಿ ಬಿಟ್ಟುಬಿಡುವ ಒಂದು ಭಾಗವಿದೆ. ಅದನ್ನೂ ಹೇಳಬೇಕು. ಆರ್ಯಭಟ ಹಾರಿದ ನಾಲ್ಕು ದಿನಗಳಲ್ಲೇ ವಿದ್ಯುತ್ತಿನ ದೋಷದಿಂದ ಅದರೊಳಗಿನ ವೈಜ್ಞಾನಿಕ ಪ್ರಯೋಗಗಳು ನಿಂತುಹೋದವು. ಉಪಗ್ರಹವೇನೋ ಸುತ್ತುತ್ತಲೇ ಇತ್ತು, ಅದರ ಮುಖ್ಯ ಯಂತ್ರಭಾಗ ವರ್ಷಗಟ್ಟಲೆ ಮಾತನಾಡುತ್ತಲೇ ಇತ್ತು. ಮುಂದೆ ರಾಯರು ಅಧ್ಯಕ್ಷರಾಗಿದ್ದಾಗ ಎ.ಎಸ್.ಎಲ್.ವಿ. ಎಂಬ ರಾಕೆಟ್ಟು 1987ರಲ್ಲಿ ಬಿತ್ತು. 1988ರಲ್ಲಿ ಮತ್ತೆ ಬಿತ್ತು. 1992ರ ಮೇ ತಿಂಗಳಲ್ಲಿ ಗೆದ್ದಿತು. ಅದಕ್ಕಿಂತ ದೊಡ್ಡದಾದ ಪಿ.ಎಸ್.ಎಲ್.ವಿ. 1993ರ ಸೆಪ್ಟೆಂಬರಿನ ಮೊದಲ ಹಾರಾಟದಲ್ಲೇ ಸೋತಿತು. ಅದು ಗೆದ್ದದ್ದು 1994ರ ಅಕ್ಟೋಬರ್ 15ರಂದು. ಅಷ್ಟರಲ್ಲಿ ರಾಯರು ಕುರ್ಚಿಯಿಂದ ಇಳಿದಾಗಿತ್ತು. ಸೋಲಿನ ದಿನ ಉತ್ತರ ಹೇಳಿದವರು ಅವರು, ಗೆಲುವಿನ ದಿನ ಹಾರ ಬಿದ್ದದ್ದು ಬೇರೆಯವರ ಕೊರಳಿಗೆ. ಕಾವಲಿಯ ಮೊದಲ ದೋಸೆ ಎದ್ದು ಬರುವುದಿಲ್ಲವೆಂಬುದು ನಮಗೆ ಗೊತ್ತು. ಹಾಗೆಂದು ಯಾರೂ ಒಲೆ ಆರಿಸುವುದಿಲ್ಲ. ಆದರೆ ದೇಶದ ದುಡ್ಡು ಸಮುದ್ರದ ಪಾಲಾದ ಮರುದಿನ ಷೆಡ್ಡಿಗೆ ಬಂದು ಹುಡುಗರ ಮುಖ ನೋಡುವುದಕ್ಕೆ ಬೇರೆಯ ಎದೆಗಾರಿಕೆಯೇ ಬೇಕು.

ಇನ್ನೊಂದು ಚಿತ್ರ ಬಹಳ ಪ್ರಸಿದ್ಧವಾದದ್ದು. 1981ರ ಜೂನ್ 19ರಂದು ಹಾರಿದ 'ಆಪಲ್' ಎಂಬ ಉಪಗ್ರಹವನ್ನು ಎತ್ತಿನ ಗಾಡಿಯ ಮೇಲೆ ಇಟ್ಟಿರುವ ಚಿತ್ರ. ಪರದೇಶದವರು ಇದನ್ನು ನೋಡಿ ನಗುತ್ತಾರೆ, ನಮ್ಮವರೇ ಕೆಲವರು ನಾಚುತ್ತಾರೆ. ಎರಡಕ್ಕೂ ಕಾರಣವಿಲ್ಲ. ರೇಡಿಯೋ ಅಲೆಗಳನ್ನು ಪರೀಕ್ಷಿಸುವಾಗ ಅಡಿಯಲ್ಲಿ ಲಾರಿಯಿದ್ದರೆ ಅದರ ಕಬ್ಬಿಣ ಅಡ್ಡಿ ಮಾಡುತ್ತದೆ. ಮರದ ಗಾಡಿ ಮಾಡುವುದಿಲ್ಲ. ಬಯಲಿನಲ್ಲಿ ಗಾಡಿ ಸಿಕ್ಕಿತು, ಕೆಲಸವಾಯಿತು. ಆ ಯೋಜನೆಯ ನಿರ್ದೇಶಕರು ಆರ್. ಎಂ. ವಾಸಗಂ ಎಂಬವರು, ಅವರ ಹೆಸರನ್ನೂ ಇಲ್ಲಿ ಹೇಳಲೇಬೇಕು. ರಾಯರು ಆ ಕೇಂದ್ರದ ಮುಖ್ಯಸ್ಥರಾಗಿದ್ದರು. ಮುಖ್ಯಸ್ಥರ ಪಟಕ್ಕೆ ಹೂ ಮುಡಿಸುವಾಗ, ಗಾಡಿ ಹೊಡೆದವನ ಹೆಸರು ಇತಿಹಾಸದಲ್ಲಿ ಉಳಿಯಲಿಲ್ಲವಲ್ಲ ಎಂದು ನಮ್ಮಂಥವರಿಗೆ ಅನ್ನಿಸದೆ ಇರುವುದಿಲ್ಲ.

ಈಗ ನಿಮ್ಮಲ್ಲಿ ಕೆಲವರ ಮನಸ್ಸಿನಲ್ಲಿರುವ ಪ್ರಶ್ನೆಗೆ ಬರೋಣ. ಹೊಟ್ಟೆಗಿಲ್ಲದ ದೇಶಕ್ಕೆ ಉಪಗ್ರಹವೇಕೆ? ಹೊಸ ಯಂತ್ರ ಬಂತೆಂದರೆ ಹಳೆಯ ಕೈ ಹೊರಗೆ ಬೀಳುವುದನ್ನು ಪರೇಲು, ಲಾಲಬಾಗಿನ ನೆಲದಲ್ಲಿ ನಿಂತು ನೋಡಿದವರಿಗೆ ಈ ಪ್ರಶ್ನೆ ಕೇಳುವ ಹಕ್ಕಿದೆ. 1982ರ ಜನವರಿಯಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಆಮೇಲೆ ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಚಿಮಣಿಗಳಿದ್ದಲ್ಲಿ ಗಾಜಿನ ಗೋಪುರಗಳೆದ್ದವು. ಆ ಸಂಕಟಕ್ಕೆ ಉಪಗ್ರಹ ಮದ್ದಾಗಲಿಲ್ಲ, ಆಗುವುದೂ ಇಲ್ಲ.

ಆದರೂ ಒಂದು ಲೆಕ್ಕ ಕೇಳಿ. 1977ರ ನವೆಂಬರಿನಲ್ಲಿ ಆಂಧ್ರದ ಕರಾವಳಿಗೆ ಬಡಿದ ಚಂಡಮಾರುತದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. 1990ರ ಮೇ ತಿಂಗಳಲ್ಲಿ ಅದೇ ಕರಾವಳಿಗೆ ಭಾರೀ ಚಂಡಮಾರುತ ಬಂದಾಗ ಸತ್ತವರು ಸುಮಾರು ಒಂದು ಸಾವಿರ. ನಡುವಿನ ಕಾಲದಲ್ಲಿ ಇನ್ಸಾಟ್ ಉಪಗ್ರಹಗಳು ಬಂದಿದ್ದವು. ಮೋಡದ ಸುಳಿಯನ್ನು ಮೇಲಿನಿಂದ ಕಂಡು, ಮುನ್ಸೂಚನೆ ಕೊಟ್ಟು, ಜನರನ್ನು ಸಾಗಿಸುವುದಕ್ಕೆ ಸಮಯ ಸಿಕ್ಕಿತು. ಉಪಗ್ರಹವೊಂದರಿಂದಲೇ ಆಯಿತೆಂದು ಹೇಳುವುದು ತಪ್ಪು, ಓಡಾಡಿ ಜನರನ್ನು ಎಬ್ಬಿಸಿದವರೂ ಇದ್ದರು. ಆದರೆ ಎಬ್ಬಿಸಬೇಕೆಂದು ತಿಳಿದದ್ದಾದರೂ ಹೇಗೆ? ಮಲ್ಪೆಯಿಂದ ಕಡಲಿಗಿಳಿಯುವ ನಮ್ಮ ಅಣ್ಣತಮ್ಮಂದಿರಿಗೆ ಇಂದು ಗಾಳಿಯ ಸೂಚನೆ, ಮೀನು ಸಿಗುವ ಕಡೆಯ ಸೂಚನೆ ಬರುವುದು ಕೂಡ ಇಂಥ ಉಪಗ್ರಹಗಳ ಕಣ್ಣಿನಿಂದಲೇ. 1988ರಲ್ಲಿ ನೆಲದ ಬೆಳೆ, ನೀರು, ಕಾಡುಗಳನ್ನು ಅಳೆಯುವ ಐ.ಆರ್.ಎಸ್. ಉಪಗ್ರಹ ಹಾರಿತು, 1992ರಲ್ಲಿ, ಪರದೇಶದ ಕಂಪೆನಿಯಿಂದ ಕೊಳ್ಳದೆ ನಾವೇ ಕಟ್ಟಿದ ಮೊದಲ ಇನ್ಸಾಟ್ ಹಾರಿತು. ಎರಡೂ ರಾಯರ ಆಡಳಿತದ ಕಾಲದವು. ಇವುಗಳಿಂದ ಯಾರ ಕೆಲಸವೂ ಹೋಗಲಿಲ್ಲ.

ಇನ್ನು ಅವರು ಹೋದ ಮೇಲಿನ ಕಥೆ. ಭಾಸ್ಕರ ಉಪಗ್ರಹಗಳ ಹೊಣೆಯನ್ನು ಹೊತ್ತು ಅವರ ಕೇಂದ್ರದಲ್ಲೇ ಬೆಳೆದ ಕಸ್ತೂರಿರಂಗನ್ ಅವರು 1994ರಲ್ಲಿ ಇಸ್ರೋದ ಅಧ್ಯಕ್ಷತೆ ವಹಿಸಿಕೊಂಡರು. ರಾಯರು ತೀರಿಕೊಂಡಾಗ ಆ ಕುರ್ಚಿಯಲ್ಲಿದ್ದವರು ಹಾಸನ ಜಿಲ್ಲೆಯ ಕಿರಣಕುಮಾರರು. ಸೂರ್ಯನನ್ನು ನೋಡುವ ಆದಿತ್ಯ ಎಂಬ ನೌಕೆಯ ವಿಚಾರ ಬಂದಾಗ ಮೊದಲು ಅದನ್ನು ಭೂಮಿಯ ಹತ್ತಿರವೇ, 800 ಕಿಲೋಮೀಟರು ಎತ್ತರದಲ್ಲಿ ಇಡುವ ಯೋಜನೆಯಿತ್ತು. ಅದನ್ನು 15 ಲಕ್ಷ ಕಿಲೋಮೀಟರು ದೂರಕ್ಕೆ ಕಳಿಸಿ, ಅಲ್ಲಿಂದ ಗ್ರಹಣವೇ ಇಲ್ಲದೆ ಸೂರ್ಯನನ್ನು ನೋಡಬಹುದೆಂದು ಸೂಚಿಸಿದವರು ಮುಪ್ಪಿನ ರಾಯರು. ತಾರುಣ್ಯದಲ್ಲಿ ಸೂರ್ಯನ ಗಾಳಿಯ ಬೆನ್ನು ಹತ್ತಿದವರಲ್ಲವೆ? ಆ ನೌಕೆ 2023ರ ಸೆಪ್ಟೆಂಬರ್ 2ರಂದು ಹೊರಟಿತು, 2024ರ ಜನವರಿ 6ರಂದು ತನ್ನ ಜಾಗವನ್ನು ಸೇರಿತು. ಅದನ್ನು ಹೊತ್ತೊಯ್ದದ್ದು, ಅವರ ಕಾಲದಲ್ಲಿ ಮೊದಲ ಹಾರಾಟಕ್ಕೇ ಬಿದ್ದಿದ್ದ ಅದೇ ಪಿ.ಎಸ್.ಎಲ್.ವಿ. ಅಷ್ಟರಲ್ಲಿ ರಾಯರು ಹೋಗಿ ಆರು ವರ್ಷಗಳಾಗಿದ್ದವು. ಅವರ ಹೆಸರಿನ ಕೇಂದ್ರದಲ್ಲಿ ಅವರ ಮುಖವನ್ನೇ ಕಾಣದ ಹುಡುಗ ಹುಡುಗಿಯರು ಅಂದು ಕೆಲಸ ಮಾಡುತ್ತಿದ್ದರು.

ನಮ್ಮ ಕಸುಬುಗಳ ಕಡೆ ನೋಡಿ. ಒಬ್ಬ ತಿಂಡಿ ಮಾಸ್ಟರು ಹದವನ್ನು ಹೇಳಿಕೊಡದೆ ಮುಷ್ಟಿಯಲ್ಲೇ ಇಟ್ಟುಕೊಳ್ಳುತ್ತಾನೆ. ಮಾಣಿ ಹತ್ತಿರ ಬಂದರೆ ಸಾಮಾನು ಹಾಕುವಾಗ ಬೆನ್ನು ತಿರುಗಿಸುತ್ತಾನೆ. ಅವನು ಊರಿಗೆ ಹೋದ ದಿನ ಗಲ್ಲಾ ಪೆಟ್ಟಿಗೆಯ ಮುಂದೆ ಗಿರಾಕಿಗಳ ದೂರು. ಅವನ ನಷ್ಟ ನಿಜಕ್ಕೂ ತುಂಬಲಾರದ್ದು! ಇನ್ನೊಬ್ಬ ಮಾಸ್ಟರು ಬೈದು, ಬಡಿದು, ಬಾಣಲೆಯ ಮುಂದೆ ನಿಲ್ಲಿಸಿ ಕಲಿಸುತ್ತಾನೆ. ಅವನು ಹೋದ ಮೇಲೆ ಆರು ಹೋಟೆಲುಗಳಲ್ಲಿ ಅವನ ಕೈರುಚಿ ಸಿಗುತ್ತದೆ, ಅವನ ಹೆಸರು ಯಾರಿಗೂ ನೆನಪಿರುವುದಿಲ್ಲ. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಕಲಿಸಿದ ಮೇಷ್ಟರುಗಳೂ ಹೀಗೆಯೇ. ಹಗಲು ಕಚೇರಿಯಲ್ಲಿ ದುಡಿದು, ರಾತ್ರಿ ಮೇಜು ಒರೆಸಿ ಬಂದ ಹುಡುಗರಿಗೆ ಗಣಿತ ಹೇಳಿದರು. ಆ ಹುಡುಗರಲ್ಲಿ ಕೆಲವರು ವಕೀಲರಾದರು, ಬ್ಯಾಂಕು ಸೇರಿದರು, ಹೋಟೆಲಿನ ಮಾಲಕರೂ ಆದರು. ಅವುಗಳಲ್ಲಿ ಎಷ್ಟೋ ಶಾಲೆಗಳು ಈಗ ಇಲ್ಲ. ಆದರೆ ಊರಿನಿಂದ ಹುಡುಗರು ಬರುವುದೇನೂ ನಿಂತಿಲ್ಲ.

ಆದುದರಿಂದ ಕಾರ್ಯಕಾರಿ ಸಮಿತಿಯು ಒಂದು ವಿಷಯ ಗೊತ್ತುಮಾಡಿದೆ. ರಾಯರ ಪಟವೊಂದನ್ನು ವಾಚನಾಲಯದಲ್ಲಿ ಹಾಕುವುದು ಸರಿಯೇ. ಅದರ ಕೆಳಗೆ ವಾರಕ್ಕೆ ಎರಡು ಸಂಜೆ ಗಣಿತ ಮತ್ತು ವಿಜ್ಞಾನದ ಪಾಠ ನಡೆಯಬೇಕು. ಹೋಟೆಲಿನ ಹುಡುಗರಿಗೂ, ಚಾಳಿನ ಮಕ್ಕಳಿಗೂ. ಸಂಬಳ ಪಡೆಯುವ ಮೇಷ್ಟರನ್ನು ಇಡುವ ಶಕ್ತಿ ಸಂಘಕ್ಕಿಲ್ಲ. ಗಿರಣಿಯ ಯಂತ್ರ ವಿಭಾಗದಲ್ಲಿ ಕೆಲಸ ಮಾಡಿದ ಹಿರಿಯರು, ಕಾಲೇಜಿಗೆ ಹೋಗುವ ನಮ್ಮವರ ಮಕ್ಕಳು, ಇವರಲ್ಲಿ ಯಾರು ಬರಬಲ್ಲಿರೋ ಅವರು ಬಾಗಿಲಲ್ಲಿ ಕುಳಿತಿರುವ ಕಾರ್ಯದರ್ಶಿಗಳ ಬಳಿ ಹೆಸರು ಬರೆಸಿ ಹೋಗಬೇಕು. ನಿಮ್ಮ ಪಾಳಿಯ ವೇಳೆಯನ್ನೂ ಬರೆಸಿ. ಅದನ್ನು ನೋಡಿಕೊಂಡು ದಿನ ಗೊತ್ತುಮಾಡುತ್ತೇವೆ.