ಮಡಿದವನ ಮನೆ
ಬೇಲೂರು, ಹಳೇಬೀಡಿಗೆ ಬಂದವರು ಶಿಲಾಬಾಲಿಕೆಯರನ್ನು ನೋಡಿ ಹಿಂದಿರುಗುತ್ತಾರೆ. ಈ ಸೀಮೆಯ ವೀರಗಲ್ಲುಗಳನ್ನೂ ನಿಂತು ನೋಡಬೇಕು. ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ. ಸತ್ತವನಿಗೆ ಸ್ವರ್ಗ ಸಿಕ್ಕಿತು, ಸರಿ. ಅವನ ಹೆಂಡತಿ ಮಕ್ಕಳ ಗತಿ? ಅದನ್ನೂ ಅಂದಿನವರು ಯೋಚಿಸಿದ್ದರು. ಮಡಿದವನ ಮನೆಯವರಿಗೆ ಭೂಮಿ ಬಿಟ್ಟುಕೊಡುವ ನೆತ್ತರುಗೊಡಗೆಯ ಮಾತು ಶಾಸನಗಳಲ್ಲಿ ಬರುತ್ತದೆ. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನ, ಸುಮಾರು ಕ್ರಿ.ಶ. 450ರದು, ಅದೂ ಯುದ್ಧದಲ್ಲಿ ಪರಾಕ್ರಮ ಮೆರೆದವನಿಗೆ ಕೊಟ್ಟ ದತ್ತಿಯ ದಾಖಲೆಯೇ.

ನಮ್ಮ ಕಾಲ? 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ ಮಡಿದ ವಾಯುಪಡೆಯ ಯೋಧ, ಕೊಡಗಿನ ಅಜ್ಜಮಾಡ ದೇವಯ್ಯನವರಿಗೆ ಮಹಾವೀರ ಚಕ್ರ ಸಂದದ್ದು 1988ರಲ್ಲಿ. ಒಂದು ಮನೆಯನ್ನು ಅಷ್ಟು ವರ್ಷ ಕಾಯಿಸಬಾರದಿತ್ತು.

ನಿಮ್ಮೂರಿನಲ್ಲಿ ಹುತಾತ್ಮ ಯೋಧನ ಮನೆಯಿದ್ದರೆ ಈ ವಾರವೇ ಹೋಗಿ ಬನ್ನಿ. ಪಿಂಚಣಿ ಸರಿಯಾಗಿ ಬರುತ್ತಿದೆಯೇ, ಮಕ್ಕಳ ಓದು ಹೇಗೆ ಸಾಗಿದೆ, ಕೇಳಿ.